ಆಡಿ ಕೇಳುವ ರೇಡಿಯೋ: ಮುಂಬಯಿಯಲ್ಲಿ ಅದು ನಡೆದು ಬಂದ ದಾರಿ

ಮನುಷ್ಯನಿಗೆ ಕಿವಿ ಎರಡು, ಬಾಯಿ ಒಂದೇ. ಆದುದರಿಂದ ಹೆಚ್ಚು ಕೇಳಬೇಕು, ಕಡಿಮೆ ಆಡಬೇಕು ಎಂದು ಹಿರಿಯರು ಬುದ್ಧಿ ಹೇಳುವುದುಂಟು. ನಮ್ಮ ದೇಶದ ರೇಡಿಯೋ ಕಾನೂನು ಈ ಬುದ್ಧಿವಾದವನ್ನು ಬಹಳ ಕಾಲ ಅಕ್ಷರಶಃ ಪಾಲಿಸಿತು ಎನ್ನಬೇಕು. ಪ್ರಜೆಯಾದವನು ರೇಡಿಯೋ ಕೇಳಬಹುದಾಗಿತ್ತು, ರೇಡಿಯೋದಲ್ಲಿ ಆಡುವಂತಿರಲಿಲ್ಲ. ಕೇಳುವ ಹಕ್ಕಿನಿಂದ ಆಡುವ ಹಕ್ಕಿಗೆ ನಾವು ಹೇಗೆ ಬಂದೆವು, ಅದರಲ್ಲಿ ಮುಂಬಯಿಯ ಪಾತ್ರವೇನು, ಹೊಟ್ಟೆಪಾಡಿಗಾಗಿ ಈ ಊರು ಸೇರಿದ ಕನ್ನಡಿಗರಾದ ನಮಗೆ ಅದರಿಂದ ಆಗಬೇಕಾದುದೇನು ಎಂಬುದನ್ನು ಸಂಕ್ಷೇಪವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮನೆಯ ಗೂಡಿನಲ್ಲಿ ಕುಳಿತು ಹಾಡುವ ರೇಡಿಯೋ ಒಂದೇ ಬದಿಯ ಖಾತೆಯಿದ್ದಂತೆ. ಅದರಲ್ಲಿ ಜಮೆಯುಂಟು, ಖರ್ಚಿಲ್ಲ. ಬಂದುದನ್ನು ಕೇಳಬಹುದೇ ಹೊರತು ಉತ್ತರ ಕೊಡಲಾಗದು. ಬಾಯಿಯ ಹತ್ತಿರ ಹಿಡಿದು, ಗುಂಡಿ ಒತ್ತಿ ಮಾತನಾಡಿ, ಗುಂಡಿ ಬಿಟ್ಟು ಉತ್ತರ ಕೇಳುವ ಯಂತ್ರ ಬೇರೆ ಜಾತಿಯದು. ಇದನ್ನು ನಾವು ವಾಕಿಟಾಕಿ ಎನ್ನುತ್ತೇವೆ. ಮೀನುಗಾರರು ವಯರ್‌ಲೆಸ್ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಜಮೆ ಖರ್ಚು ಎರಡೂ ಬದಿ ತುಂಬಿದ ಖಾತೆ ಇದೊಂದೇ.

ಸರಕಾರದ ಕಟ್ಟುಪಾಡು ಹಳೆಯದು. 1885ರ ತಂತಿ ಕಾಯಿದೆಯು ಸುದ್ದಿ ಕಳುಹಿಸುವ ಏಕಸ್ವಾಮ್ಯವನ್ನು ಸರಕಾರಕ್ಕೆ ಕೊಟ್ಟಿತು. 1933ರ ನಿಸ್ತಂತು ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೈಸೆನ್ಸಿಲ್ಲದೆ ರೇಡಿಯೋ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವೆಂದು ಸಾರಿತು. ಹಾಡು ಕೇಳುವ ರೇಡಿಯೋಕ್ಕೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿದ್ದೀತು. 1980ರ ದಶಕದ ನಡುಭಾಗದಲ್ಲಿ ಆ ಪದ್ಧತಿ ರದ್ದಾಯಿತು. ಆದರೆ ರದ್ದಾದುದು ಕೇಳುವ ಲೈಸೆನ್ಸು ಮಾತ್ರ.

ಸ್ವಾರಸ್ಯವೆಂದರೆ, ಈ ದೇಶದಲ್ಲಿ ರೇಡಿಯೋವನ್ನು ಮೊದಲು ಆಡಿಸಿದವರು ಸರಕಾರದವರಲ್ಲ, ಹವ್ಯಾಸಿಗಳು. ಕಲಕತ್ತೆಯಲ್ಲಿ ಅಮರೇಂದ್ರಚಂದ್ರ ಗುಪ್ತು ಎಂಬವರು 1921ರಲ್ಲಿಯೇ ಹವ್ಯಾಸಿ ನಿಲಯ ನಡೆಸಿದರು. ಮುಂಬಯಿಯಲ್ಲಿ 1923ರಲ್ಲಿ ರೇಡಿಯೋ ಕ್ಲಬ್ಬಿನವರು ಪ್ರಸಾರ ಆರಂಭಿಸಿದರು. ಅದಾದ ಮೇಲೆಯೇ 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ನರು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ಮುಂಬಯಿ ನಿಲಯವನ್ನು ಉದ್ಘಾಟಿಸಿದುದು. ಕಂಪೆನಿ ಮೂರು ವರ್ಷದೊಳಗೆ ದಿವಾಳಿಯಾಯಿತು. 1930ರಲ್ಲಿ ಸರಕಾರವು ಅದನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತು.

ಇಲ್ಲಿ ನಮ್ಮ ಮೈಸೂರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟಿನ ಪುಟ್ಟ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಶಕ್ತಿ ಅದು! ಆ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರು ಬಂದಿತೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಹಣಕ್ಕಿಂತ ಹಂಬಲ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1939ರಲ್ಲಿ ಮಹಾಯುದ್ಧ ಆರಂಭವಾದೊಡನೆ ಸರಕಾರವು ಹವ್ಯಾಸಿಗಳ ಲೈಸೆನ್ಸುಗಳನ್ನೆಲ್ಲ ರದ್ದುಮಾಡಿ, ಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತು. ಆಡುವ ಬಾಯಿಗೆ ಬೀಗ ಬಿದ್ದಿತು. ಆ ಬೀಗವನ್ನು ಒಡೆದುದು ಮುಂಬಯಿ. 1942ರ ಆಗಸ್ಟ್ ತಿಂಗಳಲ್ಲಿ ಗೋವಾಲಿಯಾ ಟ್ಯಾಂಕ್ ಮೈದಾನದಿಂದ 'ಭಾರತ ಬಿಟ್ಟು ತೊಲಗಿ' ಚಳವಳಿ ಹೊರಟಿತು. ನಾಯಕರೆಲ್ಲ ಸೆರೆಮನೆ ಸೇರಿದರು. ಪತ್ರಿಕೆಗಳ ಬಾಯಿ ಮುಚ್ಚಿತು. ಆಗ 22 ವರ್ಷ ವಯಸ್ಸಿನ ಉಷಾ ಮೆಹತಾ ಎಂಬ ವಿದ್ಯಾರ್ಥಿನಿಯೂ ಆಕೆಯ ಸಂಗಡಿಗರೂ ಗುಪ್ತವಾಗಿ 'ಕಾಂಗ್ರೆಸ್ ರೇಡಿಯೋ' ನಡೆಸಿದರು. ಯಂತ್ರವನ್ನು ಜೋಡಿಸಿಕೊಟ್ಟವರು ನರಿಮನ್ ಪ್ರಿಂಟರ್ ಎಂಬ ರೇಡಿಯೋ ತಂತ್ರಜ್ಞರು. ಹವ್ಯಾಸಿಗಳ ಸಾಮಗ್ರಿಯೇ ಅದರ ಬಂಡವಾಳ. ತರಂಗ 42.34 ಮೀಟರು. ಪತ್ರಿಕೆಗಳು ಬರೆಯಲಾಗದ ಸುದ್ದಿಗಳನ್ನು, ಚಿಮೂರಿನ ದೌರ್ಜನ್ಯವನ್ನು, ಜಮ್‌ಶೇಡ್‌ಪುರದ ಮುಷ್ಕರವನ್ನು, ಜನ ಅದರಿಂದ ಕೇಳಿದರು.

ಪೊಲೀಸರು ಯಂತ್ರದ ದಿಕ್ಕು ಹಿಡಿಯುವ ವಾಹನಗಳೊಡನೆ ಬೆನ್ನಟ್ಟಿದ್ದರಿಂದ ಇವರು ಚೌಪಾಟಿಯ ಸುತ್ತಮುತ್ತ ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸಬೇಕಾಯಿತು. ಕೊನೆಗೆ ನವೆಂಬರ್ 12ರಂದು ಮಹಾಲಕ್ಷ್ಮಿ ದೇವಾಲಯದ ಸಮೀಪದ ಪ್ಯಾರಡೈಸ್ ಬಂಗಲೆಯಲ್ಲಿ ಸಿಕ್ಕಿಬಿದ್ದರು. ದಾರಿ ತೋರಿಸಿದವರು ಅದೇ ಪ್ರಿಂಟರ್ ಎಂಬುದು ವಿಷಾದದ ಮಾತು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷ ಸೆರೆವಾಸವಾಯಿತು. 1998ರಲ್ಲಿ ಸರಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯಿತ್ತು ಗೌರವಿಸಿತು. ಈ ಪ್ರಸಂಗದಿಂದ ತಿಳಿಯಬೇಕಾದ ತತ್ತ್ವವೊಂದಿದೆ: ಆಡುವ ಯಂತ್ರವು ತಾನಿರುವ ಜಾಗವನ್ನೂ ತಾನೇ ಹೇಳಿಬಿಡುತ್ತದೆ. ಅಂದು ಅದು ಶಾಪವಾಯಿತು. ಬೇರೊಂದು ಸ್ಥಳದಲ್ಲಿ ಅದೇ ಗುಣ ವರವಾಗುವುದನ್ನು ಮುಂದೆ ನೋಡೋಣ.

ಹೊರದೇಶಗಳಲ್ಲಿಯೂ ಕೇಳುವುದು ಮೊದಲು, ಆಡುವುದು ಆಮೇಲೆ. ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು 1928ರಲ್ಲಿ ತಮ್ಮ ಮೋಟಾರುಗಳಿಗೆ ರೇಡಿಯೋ ಕೂಡಿಸಿದರು. ಆದರೆ ಅವರು ಆಜ್ಞೆ ಕೇಳಬಲ್ಲವರಾಗಿದ್ದರೇ ಹೊರತು ಉತ್ತರಿಸಬಲ್ಲವರಾಗಿರಲಿಲ್ಲ. 1933ರಲ್ಲಿ ಬೇಯೋನ್ ಎಂಬ ಊರಿನಲ್ಲಿ ಮೊದಲ ಬಾರಿಗೆ ಪೊಲೀಸರ ಗಾಡಿ ಮರುಮಾತು ಕೊಟ್ಟಿತು. ಮಹಾಯುದ್ಧದಲ್ಲಿ ಯಂತ್ರ ಕೈಗೆ ಬಂದಿತು. ಯುದ್ಧ ಮುಗಿದ ಮೇಲೆ ಅಲ್ಲಿನ ಸರಕಾರವು ಸಾಮಾನ್ಯ ನಾಗರಿಕರಿಗೆಂದೇ ತರಂಗಗಳ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟಿತು. ಇದೇ ಸಿಟಿಜನ್ ಬ್ಯಾಂಡ್. 1958ರಲ್ಲಿ ಅದಕ್ಕೆ 27 ಮೆಗಾಹರ್ಟ್ಸ್ ಸುತ್ತಣ ಜಾಗ ಸಿಕ್ಕಿತು. 1973ರ ತೈಲದ ಮುಗ್ಗಟ್ಟಿನಲ್ಲಿ ಲಾರಿ ಚಾಲಕರು ಪೆಟ್ರೋಲ್ ಸಿಗುವ ಜಾಗವನ್ನು ಇದರಲ್ಲಿಯೇ ಪರಸ್ಪರ ತಿಳಿಸಿಕೊಂಡರು.

ನಮ್ಮಲ್ಲಿ ಆ ಬಾಗಿಲು ತೆರೆದುದು 2005ರಲ್ಲಿ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 5 ವಾಟಿಗೆ ಮೀರದ ಯಂತ್ರವನ್ನು ಲೈಸೆನ್ಸಿಲ್ಲದೆ ಬಳಸಬಹುದೆಂದು ಭಾರತ ಸರಕಾರವು ಆ ವರ್ಷ ಪ್ರಕಟಿಸಿತು. ಅದೇ ವರ್ಷ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದು ಮುಂಬಯಿಯ ಯಾವ ಕನ್ನಡ ಮನೆಯೂ ಮರೆಯುವಂತಹದಲ್ಲ. ರೈಲು ನಿಂತಿತು, ದೀಪ ಆರಿತು, ಮೊಬೈಲುಗಳು ಮೂಕವಾದವು. ಕಂಬದ ಹಂಗಿಲ್ಲದೆ ಕೈಯಿಂದ ಕೈಗೆ ಮಾತು ಮುಟ್ಟಿಸುವ ಯಂತ್ರದ ಬೆಲೆ ಏನೆಂಬುದು ಅಂದು ಎಲ್ಲರಿಗೂ ತಿಳಿಯಿತು. ಅದಕ್ಕೆ ಏಳು ತಿಂಗಳ ಹಿಂದೆ, 2004ರ ಡಿಸೆಂಬರ್ 26ರ ಸುನಾಮಿಯ ದಿನ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿ ರೇಡಿಯೋ ತಂಡವು ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತ್ತು.

ಈ ಯಂತ್ರವನ್ನು ಆಡಿಸುವ ಕ್ರಮ ಕಷ್ಟದ್ದಲ್ಲ. ಆದರೆ ಶಿಸ್ತು ಬೇಕು. ಮೊದಲು ಸ್ವಲ್ಪ ಕೇಳಿ, ದಾರಿ ಖಾಲಿಯಿದೆಯೆಂದು ಖಚಿತ ಮಾಡಿಕೊಳ್ಳಬೇಕು. ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತನಾಡಬೇಕು; ಇಲ್ಲವಾದರೆ ಮೊದಲಿನ ಅಕ್ಷರ ನುಂಗಿಹೋಗುತ್ತದೆ. ಯಂತ್ರವನ್ನು ಬಾಯಿಗೆ ಅಂಟಿಸದೆ ನಾಲ್ಕು ಬೆರಳು ದೂರ ಹಿಡಿಯಬೇಕು. ಮಾತು ಮುಗಿದಾಗ 'ಓವರ್' ಎಂದು ಗುಂಡಿ ಬಿಡಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಇಬ್ಬರ ಮಾತೂ ಸಲ್ಲದು. ಈ ತರಂಗದ ಉದ್ದ ಸುಮಾರು 11 ಮೀಟರು. ಅದರ ಕಾಲುಭಾಗದ ಏರಿಯಲ್ ಎಂದರೆ 9 ಅಡಿಯ ಕೋಲು. ಆದುದರಿಂದ ಗೇಣುದ್ದದ ಏರಿಯಲ್ಲಿನ ಕೈಯಂತ್ರ ಬಹಳ ದೂರ ಹೋಗದು. ಕಟ್ಟಡಗಳ ಕಾಡಿನಲ್ಲಂತೂ ಇನ್ನೂ ಕಡಿಮೆ. ತೆರೆದ ಜಾಗ ಅಥವಾ ಎತ್ತರದ ಜಾಗ ಸಿಕ್ಕರೆ ಅದೇ ಯಂತ್ರ ಹಲವು ಪಟ್ಟು ದೂರ ಮುಟ್ಟೀತು.

ಮಳೆಗೆ ಜಗ್ಗದ ಯಂತ್ರ ಎಂಬ ಮಾತಿನಲ್ಲಿಯೂ ತಾರತಮ್ಯವಿದೆ. ಹನಿ ಮಳೆ ತಡೆಯುವುದು ಬೇರೆ, ನೀರಿನಲ್ಲಿ ಮುಳುಗಿ ಬದುಕುವುದು ಬೇರೆ. ಯಂತ್ರದ ಮೇಲೆ ಐ.ಪಿ. 67 ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆಂದು ಅರ್ಥ. ಆದರೆ ಆ ಅಂಕಿ ಸಿಹಿನೀರಿನ ಪರೀಕ್ಷೆಯದು. ಬ್ಯಾಟರಿಯ ಮುಚ್ಚಳದ ರಬ್ಬರು ಬಿರುಕು ಬಿಟ್ಟರೆ ಅಂಕಿಗೆ ಬೆಲೆಯಿಲ್ಲ. ಉಪ್ಪುನೀರು ತಾಗಿದರೆ ಮುಚ್ಚಳ ಭದ್ರವಾಗಿದೆಯೆಂದು ನೋಡಿಕೊಂಡು ಸಿಹಿನೀರಿನಲ್ಲಿ ತೊಳೆದು, ಒರಸಿ ಒಣಗಿಸಬೇಕು.

ಹೀಗೆ ಉಪ್ಪುನೀರಿನ ಮಾತು ಬಂದೊಡನೆ ಮನಸ್ಸು ಕಡಲಿಗೆ ಹೋಗುತ್ತದೆ. ನಮ್ಮಲ್ಲಿ ಅನೇಕರ ಊರು ಕರಾವಳಿ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರಗಳ ದೋಣಿಗಳು ಮಹಾರಾಷ್ಟ್ರದ ಕಡಲಿಗೂ ಬರುತ್ತವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿಯಲ್ಲಿ ಏಳು ಮಂದಿ ಇದ್ದರು: ಉಡುಪಿಯ ಕಡೆಯವರು ಇಬ್ಬರು, ಉತ್ತರ ಕನ್ನಡದವರು ಐವರು. 15ರ ರಾತ್ರಿಯಿಂದಾಚೆ ಆ ದೋಣಿಯ ಮಾತು ಯಾರಿಗೂ ಕೇಳಿಸಲಿಲ್ಲ. ನಾಲ್ಕು ತಿಂಗಳಿಗೂ ಮಿಕ್ಕಿ ಮನೆಯವರು ಬಾಗಿಲು ಕಾಯ್ದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಕಂಡಿತು. ಆಡುವ ಬಾಯಿ ನಿಂತರೆ ಕಾಯುವ ಕಿವಿಗಳ ಗತಿ ಏನೆಂಬುದಕ್ಕೆ ಬೇರೆ ವಿವರಣೆ ಬೇಡ.

ಕಡಲಿನಲ್ಲಿ ಸಲ್ಲುವ ಯಂತ್ರ ನಾಗರಿಕರ ಪಟ್ಟಿಯದಲ್ಲ, ಅಲ್ಲಿ ವಿ.ಎಚ್.ಎಫ್. ಯಂತ್ರ ಬೇಕು. ಅದರ 16ನೆಯ ಚಾನೆಲ್, ಎಂದರೆ 156.8 ಮೆಗಾಹರ್ಟ್ಸ್, ಲೋಕಕ್ಕೆಲ್ಲ ಒಂದೇ ಕರೆಗಂಟೆ. ಅಲ್ಲಿ ಹರಟೆಗೆ ಎಡೆಯಿಲ್ಲ. ಕರೆದು, ಉತ್ತರ ಬಂದೊಡನೆ ಬೇರೆ ಚಾನೆಲ್ಲಿಗೆ ಹೋಗಬೇಕು. ಪ್ರಾಣಾಪಾಯವಾದರೆ 'ಮೇಡೇ' ಎಂದು ಮೂರು ಬಾರಿ ಕರೆದು, ದೋಣಿಯ ಹೆಸರು, ಇರುವ ಜಾಗ, ಆಗಿರುವ ಅಪಾಯ, ದೋಣಿಯಲ್ಲಿರುವ ಜನರ ಸಂಖ್ಯೆ, ಇಷ್ಟನ್ನು ಇದೇ ಕ್ರಮದಲ್ಲಿ ಹೇಳಬೇಕು. ಇಸ್ರೋ ಸಂಸ್ಥೆಯ ಆಪತ್ಸೂಚಕ ಯಂತ್ರವೂ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ದೋಣಿಯ ಗುರುತೂ ಜಾಗವೂ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಮುಟ್ಟಿ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಪಶ್ಚಿಮದ ಕಡಲಿಗೆ ಆ ಪಡೆಯ ಕಚೇರಿ ನಮ್ಮ ವರಳಿಯಲ್ಲಿದೆ; ನೆಲದ ಮೇಲಿನಿಂದ ಅವರನ್ನು ಕರೆಯುವ ದೂರವಾಣಿ ಸಂಖ್ಯೆ 1554.

ಮೊದಲಿನ ಯಂತ್ರ ಕೂಗುತ್ತಿತ್ತು, ಓಗೊಡುವುದನ್ನು ಕೇಳುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೆಯ ತಲೆಮಾರಿನ ಯಂತ್ರವು ಕರೆ ಮುಟ್ಟಿತೆಂಬ ಮರುಸುದ್ದಿಯನ್ನು ದೋಣಿಗೆ ತಲುಪಿಸುತ್ತದೆ. ಅದೇ ವರ್ಷ ಆಗಸ್ಟ್ 30ರಂದು ಪಾಲಘರದಲ್ಲಿ, ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಸಂಪರ್ಕ ಯಂತ್ರ ಕೂಡಿಸುವ ಯೋಜನೆಗೆ ಚಾಲನೆ ಸಿಕ್ಕಿತು. 1942ರಲ್ಲಿ ಹಿಡಿದುಕೊಟ್ಟ ಗುಣವೇ, ಇದ್ದ ಜಾಗವನ್ನು ಹೇಳಿಬಿಡುವ ಗುಣವೇ, ಇಂದು ಕಡಲಿನಲ್ಲಿ ಕಾಪಾಡುತ್ತಿದೆ.

ಹಕ್ಕಿನ ಜೊತೆಗೆ ಹೊಣೆಯೂ ಉಂಟಷ್ಟೆ. ಅಂಗಡಿಯಲ್ಲಿ ಸಿಗುವ ವಾಕಿಟಾಕಿಯೆಲ್ಲ ಲೈಸೆನ್ಸಿಲ್ಲದೆ ನಡೆಯುವಂತಹದಲ್ಲ. 27ರ ಪಟ್ಟಿಯಲ್ಲದೆ, 2018ರಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನೂ ಕಡಿಮೆ ಶಕ್ತಿಯ ಯಂತ್ರಗಳಿಗೆ ಬಿಟ್ಟುಕೊಡಲಾಯಿತು. ಉಳಿದವುಗಳಿಗೆ ಅನುಮತಿ ಬೇಕು. ಅಂತರ್ಜಾಲದ ಅಂಗಡಿಗಳಲ್ಲಿ ಅಕ್ರಮ ಯಂತ್ರಗಳ ಮಾರಾಟ ಹೆಚ್ಚಿದುದರಿಂದ 2025ರಲ್ಲಿ ಕೇಂದ್ರ ಸರಕಾರವು ಅದಕ್ಕೂ ನಿಯಮ ಮಾಡಿದೆ. ಕೊಳ್ಳುವ ಮುಂಚೆ ತರಂಗವನ್ನೂ ಯಂತ್ರಕ್ಕೆ ಸಿಕ್ಕಿರುವ ಮಂಜೂರಾತಿಯನ್ನೂ ನೋಡುವುದು, ಚೆಕ್ಕಿನ ಮೇಲಿನ ಸಹಿ ನೋಡಿದಷ್ಟೇ ಅಗತ್ಯ.

ಇನ್ನೂ ಹೆಚ್ಚು ಕಲಿಯಬೇಕೆನ್ನುವವರಿಗೆ ಹವ್ಯಾಸಿ ರೇಡಿಯೋದ ದಾರಿ ತೆರೆದಿದೆ. ಬೆಂಗಳೂರಿನ ಹವ್ಯಾಸಿ ರೇಡಿಯೋ ಕ್ಲಬ್ಬು 1959ರಿಂದ ನಡೆದುಬಂದಿದೆ. ಇಲ್ಲಿ ಬೊರಿವಲಿಯ ಗೊರಾಯಿ ರಸ್ತೆಯ ಸರಕಾರಿ ನಿಸ್ತಂತು ಕೇಂದ್ರದಲ್ಲಿ ಲೈಸೆನ್ಸಿನ ಪರೀಕ್ಷೆಗಳು ನಡೆಯುತ್ತ ಬಂದಿವೆ. ಮೊದಲ ಮೆಟ್ಟಿಲಿನ ಪರೀಕ್ಷೆಗೆ ಮೋರ್ಸ್ ಲಿಪಿ ಬೇಕಿಲ್ಲ. ಶಾಲೆಯ ಮಕ್ಕಳೂ ಓದಿ ತೇರ್ಗಡೆಯಾಗಬಲ್ಲರು.

ನಮ್ಮ ಸಂಘಗಳು ನಾಟಕ, ಯಕ್ಷಗಾನ, ರಾತ್ರಿಶಾಲೆಗಳಿಂದ ಈ ನಗರದಲ್ಲಿ ಕನ್ನಡದ ಬಾಯನ್ನು ಉಳಿಸಿವೆ. ಬಿಡುವಿನ ಭಾನುವಾರಗಳಲ್ಲಿ ತರುಣರಿಗೆ ಈ ವಿದ್ಯೆಯ ಒಂದು ತರಗತಿಯನ್ನು ಕನ್ನಡದಲ್ಲಿಯೇ ನಡೆಸಿದರೆ ಹೆಚ್ಚಿನ ಖರ್ಚೇನೂ ಬೀಳದು. ಕಲಿತವರು ರಜೆಗೆ ಊರಿಗೆ ಹೋದಾಗ ದೋಣಿಗೆ ಹೋಗುವ ಅಣ್ಣನಿಗೋ ಮಾವನಿಗೋ 'ಮೇಡೇ'ಯ ಕ್ರಮವನ್ನು ಹೇಳಿಕೊಟ್ಟರೂ ಸಾಕು. 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನೆಲದ ಗಾದೆ; ಮಾತು ಬಲ್ಲವನಿಗೆ ಜೀವವೂ ಉಳಿದೀತು ಎಂಬುದು ಕಡಲಿನ ಅನುಭವ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಸಂಘದ ನಾಲ್ಕು ಮಕ್ಕಳಾದರೂ ಲೈಸೆನ್ಸು ಪಡೆದಿರಲಿ ಎಂದು ಹಾರೈಸುತ್ತೇವೆ.