ಬ್ಯಾರೇಜಿನಿಂದ ಬಸಿಗಾಲುವೆಯವರೆಗೆ

ನಮ್ಮ ದೇಶದ ವಿಜ್ಞಾನ ನೀತಿಯ ಕಥೆಯನ್ನು ಸಾಮಾನ್ಯವಾಗಿ 1958ರ ವಿಜ್ಞಾನ ನೀತಿ ನಿರ್ಣಯದಿಂದ ಆರಂಭಿಸುತ್ತಾರೆ. ಆಮೇಲೆ 1983ರ ತಂತ್ರಜ್ಞಾನ ನೀತಿ, 2003 ಮತ್ತು 2013ರ ನೀತಿಗಳು, ಕೊನೆಗೆ ಸಾರ್ವಜನಿಕರ ಸಲಹೆ ಕೇಳಿ ರೂಪಿಸಿದ 2020ರ ಕರಡು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಿಂದ ನೋಡಿದರೆ ಈ ಕಥೆಗೆ ಇನ್ನೊಂದು ಎಳೆ ಇದೆ. ಸಲಹೆ ಕೇಳುವವರು ಬರುವ ಮೊದಲೇ ಇಲ್ಲಿನ ಜನ ಮಾಡಿ ತೋರಿಸಿದ್ದರು.

ಈ ಎಳೆಯ ದೊಡ್ಡ ಗಂಟು ಕೃಷ್ಣಾ ತೀರದ ಚಿಕ್ಕಪಡಸಲಗಿಯ ಬ್ಯಾರೇಜ್. ಮಳೆಗಾಲದಲ್ಲಿ ದಡ ಮೀರುವ ಕೃಷ್ಣೆ ಬೇಸಿಗೆಗೆ ಬತ್ತುತ್ತಿದ್ದಳು. ನದಿದಂಡೆಯ ಪಂಪ್‌ಸೆಟ್‌ಗಳಿಗೆ ಎತ್ತಲು ನೀರಿರುತ್ತಿರಲಿಲ್ಲ. ಹಿಪ್ಪರಗಿ ಬ್ಯಾರೇಜಿನ ಸರ್ಕಾರಿ ಯೋಜನೆಯೋ ವರ್ಷಗಟ್ಟಲೆ ಕುಂಟುತ್ತಿತ್ತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿದರು, ವಂತಿಗೆ ಎತ್ತಿದರು, ತಾವೇ ಕಲ್ಲು-ಮಣ್ಣು ಹೊತ್ತರು. 1989ರಲ್ಲಿ ಬ್ಯಾರೇಜ್ ಎದ್ದು ನಿಂತಿತು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾರರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಂಥವರನ್ನು ಬಿಟ್ಟು 'ಬ್ಯಾರೇಜ್ ಸಿದ್ದು' ಅವರನ್ನು ಗೆಲ್ಲಿಸಿದರು.

ಈ ಸಾಹಸವನ್ನು ಶ್ರಮದಾನದ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ಅದರೊಳಗಿನ ತಾಂತ್ರಿಕ ಆಯ್ಕೆ ನನಗೆ ಅಷ್ಟೇ ಮುಖ್ಯ. ಈ ಬಗೆಯ ಬ್ಯಾರೇಜಿನಲ್ಲಿ ಪ್ರವಾಹವನ್ನು ಹೋಗಲು ಬಿಟ್ಟು, ಅದು ಇಳಿದ ಮೇಲೆ ಗೇಟು ಹಾಕಿ ಕೊನೆಯ ಹರಿವನ್ನು ಹಿಡಿಯುತ್ತಾರೆ. ನೀರು ಬಹುಮಟ್ಟಿಗೆ ನದಿಪಾತ್ರದಲ್ಲೇ ನಿಲ್ಲುತ್ತದೆ, ಊರು ಮುಳುಗುವುದಿಲ್ಲ. ಅದೇ ನದಿಯ ಕೆಳಗೆ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಹಳ್ಳಿಗಳು ಹೋದವು. ಜನ ಮನೆ-ಹೊಲ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ನಡೆದರು. ದೊಡ್ಡ ಅಣೆಕಟ್ಟೆಯ ಕೆಲಸವನ್ನು ಬ್ಯಾರೇಜ್ ಮಾಡಲಾರದು ಎಂಬುದು ನಿಜ. ಆದರೆ ಎಲ್ಲಿ ಯಾವುದು ಸಾಕು ಎಂಬ ಲೆಕ್ಕದಲ್ಲಿ ದಂಡೆಯ ರೈತನ ಅನುಭವಕ್ಕೆ ಎಂಜಿನಿಯರನ ನಕ್ಷೆಯ ಪಕ್ಕದಲ್ಲೇ ಜಾಗವಿರಬೇಕಿತ್ತು.

ಅಂಥ ಜಾಗ ಮಾಡುವ ಯತ್ನ ರಾಜ್ಯದಲ್ಲಿ ಆಗಲೇ ನಡೆದಿತ್ತು. 1974ರಲ್ಲಿ ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಆರಂಭಿಸಿದರು. ಮರುವರ್ಷವೇ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು. ಎರಡರದೂ ಒಳ್ಳೆಯ ಕೆಲಸ. ಆದರೆ ಎರಡೂ ಬೆಂಗಳೂರಿನಲ್ಲಿ.

ಇದಕ್ಕೆ ಹೋಲಿಸಿದರೆ ಮುಧೋಳದ ಬೇಟೆನಾಯಿಯ ದಾರಿ ಬೇರೆ. ಸಂಸ್ಥಾನದ ಘೋರ್ಪಡೆ ರಾಜರು ಪೋಷಿಸಿದ, ಹಳ್ಳಿಯ ಬೇಟೆಗಾರ ಕುಟುಂಬಗಳು ಉಳಿಸಿಕೊಂಡು ಬಂದ ಈ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತೆರೆಯಿತು. ಮುಂದೆ ಸೇನೆಯೂ ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದಿತು. ತಳಿ ಕಾಯ್ದವರು ಇದ್ದಲ್ಲಿಗೇ ಸಂಶೋಧನೆ ಬಂದದ್ದು ಸಂತೋಷದ ಸಂಗತಿ. ರಬಕವಿ-ಬನಹಟ್ಟಿಯ ನೇಕಾರರಿಗೆ ಅಂಥ ಭಾಗ್ಯ ಬರಲಿಲ್ಲ. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ದಾಟಿದ ಈ ಊರುಗಳಲ್ಲಿ ಸರ್ಕಾರದೊಂದಿಗಿನ ಮಾತೆಲ್ಲ ಕರೆಂಟ್ ಬಿಲ್ಲು, ನೂಲಿನ ದರ, ಸಾಲ ಮನ್ನಾ ಇವುಗಳ ಸುತ್ತಲೇ. ಮಗ್ಗದ ಕಿವಿಗಡಚಿಕ್ಕುವ ಸದ್ದು, ಬಣ್ಣದ ನೀರಿನ ಶುದ್ಧೀಕರಣ ಇವೂ ಸಂಶೋಧನೆಯ ಪ್ರಶ್ನೆಗಳೇ ಅಲ್ಲವೇ?

ಈಗಿನ ಕಠಿಣ ಪ್ರಶ್ನೆ ನೀರು ಬಂದ ಮೇಲಿನದು. ನೀರಿನ ಬೆನ್ನಿಗೆ ಕಬ್ಬು ಬಂತು, ಕಾರ್ಖಾನೆಗಳು ಬಂದವು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ 86032 ತಳಿ ಹೊಲಹೊಲಕ್ಕೆ ಹಬ್ಬಿತು. ಜೊತೆಗೆ ಸವಳು-ಜವಳು. ಎರೆಮಣ್ಣು ಹೆಚ್ಚಾದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಹೆಂಟೆಯ ಮೇಲೆ ಬಿಳಿ ಪುಡಿ ಕಂಡರೆ ಪ್ರಯೋಗಾಲಯದ ವರದಿ ಬರುವ ಮೊದಲೇ ರೈತನಿಗೆ ವಿಷಯ ಗೊತ್ತಾಗಿರುತ್ತದೆ. ಕೆಲವರು ಕಬ್ಬಿನ ರವದಿ ಸುಡದೆ ಸಾಲಿನಲ್ಲೇ ಹೊದಿಸಿ, ಹನಿ ನೀರಾವರಿಗೆ ಹೊರಳಿ ನೀರು ಉಳಿಸುತ್ತಿದ್ದಾರೆ.

ಕೆಟ್ಟ ಭೂಮಿಗೆ ಅಷ್ಟು ಸಾಲದು. ನೆಲದಡಿ ರಂಧ್ರವಿರುವ ಕೊಳವೆ ಹೂಳಿ, ಅದಕ್ಕೆ ಸೋಸುವ ಹೊದಿಕೆ ಸುತ್ತಿ, ಉಪ್ಪುನೀರನ್ನು ಬಸಿದು ಹೊರಹಾಕಬೇಕು. 1969ರಲ್ಲಿ ಸ್ಥಾಪನೆಯಾದ ಕರ್ನಾಲ್‌ನ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯಿಂದ ನಮ್ಮ ಕೃಷಿ ವಿಶ್ವವಿದ್ಯಾಲಯಗಳವರೆಗೆ ಈ ತಂತ್ರ ಎಲ್ಲರಿಗೂ ಗೊತ್ತಿದೆ. ತೊಡಕು ಇರುವುದು ಕೊಳವೆಯ ಬಾಯಲ್ಲಿ: ಒಬ್ಬನ ಹೊಲದಿಂದ ಬಸಿದ ನೀರು ಕೆಳಗಿನವನ ಹೊಲಕ್ಕೆ ಹೋಗಬಾರದೆಂದರೆ ಹಳ್ಳದವರೆಗೆ ಸಾಮೂಹಿಕ ಬಸಿಗಾಲುವೆ ಬೇಕು. ಅದನ್ನು ಒಬ್ಬ ರೈತ ಸಹಾಯಧನ ಪಡೆದು ತೋಡಲಾಗದು. ಬ್ಯಾರೇಜಿಗೆ ಕಟ್ಟಿದಂಥ ಸಂಘ, ಹಳ್ಳಿವಾರು ಅಂತರ್ಜಲ ಮಟ್ಟದ ನಕ್ಷೆ, ಅದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸುವ ವಿಜ್ಞಾನಿ, ಬಸಿಗಾಲುವೆಯ ವೆಚ್ಚದಲ್ಲಿ ಕಬ್ಬಿನಿಂದ ಲಾಭ ಪಡೆದ ಸಕ್ಕರೆ ಕಾರ್ಖಾನೆಗಳ ಪಾಲು: ಮುಂದಿನ ನೀತಿಯ ಕರಡಿಗೆ ಈ ನಾಲ್ಕು ತಾಲ್ಲೂಕುಗಳಿಂದ ಹೋಗಬೇಕಾದ ಮೊದಲ ಸಲಹೆ ಇದು.