ಚಾಲೂ ಆಗದ ಯಂತ್ರ, ಗರಗದ ರಾಟಿ

ಗುಂಡಿ ಒತ್ತಿದರೂ ಚಾಲೂ ಆಗದ ಲ್ಯಾಪ್‌ಟಾಪಿಗೆ ಮತ್ತೆ ಜೀವ ಬರುತ್ತದೋ ಇಲ್ಲವೋ ಎಂಬುದು ರಿಪೇರಿಯವನ ಕೈಗುಣದ ಮಾತು ಎಂದು ಸಾಮಾನ್ಯವಾಗಿ ನಂಬುತ್ತೇವೆ. ಆದರೆ ಅದರ ಹಣೆಬರಹ ಅಂಗಡಿಗೆ ಬರುವ ಎಷ್ಟೋ ಮೊದಲೇ, ಯಂತ್ರದ ನಕ್ಷೆ ತಯಾರಾದಾಗಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಹೀಗೆನ್ನಲು ಬೇಕಾದ ಸಾಕ್ಷ್ಯ ಕಂಪ್ಯೂಟರಿನ ಚರಿತ್ರೆಗಿಂತ ಹಳೆಯದು, ಧಾರವಾಡ ತಾಲ್ಲೂಕಿನ ಗರಗಕ್ಕೆ ಹತ್ತಿರದ್ದು. ಮಡಿವಾಳೇಶ್ವರರ ಮಠಕ್ಕೆ ಹೆಸರಾದ ಈ ಊರಿಗೆ ಇನ್ನೊಂದು ಹೆಸರು ತಂದದ್ದು ಖಾದಿ. ಇಲ್ಲಿನ ಕ್ಷೇತ್ರೀಯ ಸೇವಾ ಸಂಘ 1954ರಲ್ಲಿ ಹುಟ್ಟಿತು. ರಾಷ್ಟ್ರಧ್ವಜದ ಬಟ್ಟೆ ಎಂದರೆ ಗರಗ ಎನ್ನುವಷ್ಟು ಕಾಲ ಅದರ ಮಗ್ಗಗಳು ಓಡಿದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಬಂತು, ಧ್ವಜ ತಯಾರಿಕೆಗೆ ಮಾನಕ ಬ್ಯೂರೋದ ಮುದ್ರೆ ಅದಕ್ಕೆ 2006ರಲ್ಲಿ ಸಿಕ್ಕಿತು. ಧ್ವಜದ ಕತೆ ಎಲ್ಲರಿಗೂ ಗೊತ್ತು. ಆ ನೂಲು ತೆಗೆದ ಯಂತ್ರದ ಕತೆ ಅಷ್ಟಾಗಿ ಗೊತ್ತಿಲ್ಲ.

ಗರಗಕ್ಕೆ ದೂರವಲ್ಲದ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಪಕ್ಷದ ಸದಸ್ಯರಾಗಬೇಕಾದವರು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನೂಲೇ ಚಂದಾ ಆದಮೇಲೆ ರಾಟಿ ಸುಸ್ಥಿತಿಯಲ್ಲಿರುವುದು ರಾಜಕೀಯದ ಪ್ರಶ್ನೆಯಾಯಿತು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಚರಕಾ ಸಂಘ 1929ರಲ್ಲಿ ಉತ್ತಮ ರಾಟಿಯ ವಿನ್ಯಾಸಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಅದರ ಷರತ್ತುಗಳನ್ನು ಇವತ್ತು ಓದಿದರೆ ಆಶ್ಚರ್ಯವಾಗುತ್ತದೆ. ರಾಟಿ ಹಗುರವಿರಬೇಕು, ಹಳ್ಳಿಯ ಹೆಂಗಸು ಹೆಚ್ಚು ದಣಿಯದೆ ಎಂಟು ತಾಸು ನಡೆಸುವಂತಿರಬೇಕು, ಅಷ್ಟು ಹೊತ್ತಿನಲ್ಲಿ 16,000 ಅಡಿ ನೂಲು ಕೊಡಬೇಕು, ಬೆಲೆ 150 ರೂಪಾಯಿ ದಾಟಬಾರದು. ಇವೆಲ್ಲ ಯಾವ ಸ್ಪರ್ಧೆಯಲ್ಲೂ ಇರಬಹುದಾದ ಮಾತುಗಳೇ. ಮುಂದಿನವು ಹಾಗಲ್ಲ: ಆಗಾಗ ದುರಸ್ತಿ ಮಾಡಿಕೊಂಡರೆ ಅದು ಕನಿಷ್ಠ ಇಪ್ಪತ್ತು ವರ್ಷ ನಿಲ್ಲದೆ ನಡೆಯಬೇಕು, ವರ್ಷದ ದುರಸ್ತಿಯ ಖರ್ಚು ಯಂತ್ರದ ಬೆಲೆಯ ಶೇ. 5ನ್ನು ಮೀರಬಾರದು. 150 ರೂಪಾಯಿಯ ರಾಟಿಗೆ ಇದು ವರ್ಷಕ್ಕೆ ಏಳೂವರೆ ರೂಪಾಯಿ. ಅದೇ ಲೆಕ್ಕವನ್ನು 50,000 ರೂಪಾಯಿಯ ಲ್ಯಾಪ್‌ಟಾಪಿಗೆ ಹಾಕಿದರೆ ವರ್ಷಕ್ಕೆ 2,500 ರೂಪಾಯಿ, ಅದೂ ಇಪ್ಪತ್ತು ವರ್ಷ. ಮದರ್‌ಬೋರ್ಡ್ ಬದಲಿಸಲು ಎಷ್ಟಾಗುತ್ತದೆಂದು ಕೇಳಿ ಅಂಗಡಿಯ ಮೆಟ್ಟಿಲಿಳಿದವರಿಗೆ ಈ ಅಂಕಿ ಹಾಸ್ಯವಾಗಿ ಕಂಡೀತು.

ದುರಸ್ತಿಗೆ ಅನುವಾದ ಯಂತ್ರ ಹೇಗಿರುತ್ತದೆ ಎಂಬುದನ್ನು ರಾಟಿಯಲ್ಲೇ ನೋಡಬಹುದು. ಎಳೆ ಪದೇಪದೇ ಹರಿಯುತ್ತಿದ್ದರೆ ನೂಲುವವಳು ಮೊದಲು ಹಂಜಿಯನ್ನು ನೋಡುತ್ತಾಳೆ. ಹತ್ತಿ ಚೆನ್ನಾಗಿದ್ದರೆ ಕದಿರನ್ನು ನೋಡುತ್ತಾಳೆ; ಅದು ಒಂದಿಷ್ಟು ಸೊಟ್ಟಗಾಗಿದ್ದರೂ ತುದಿ ನಡುಗುವುದು ಕಣ್ಣಿಗೇ ಕಾಣುತ್ತದೆ. ಚಕ್ರ ತಿರುಗಿಯೂ ಕದಿರು ತಿರುಗದಿದ್ದರೆ ನಡುವಿನ ದಾರ ಸಡಿಲಾಗಿದೆ. ಬಲ ಎಲ್ಲಿಂದ ಹೊರಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಹುಡುಕುವ ಈ ಕ್ರಮವನ್ನು ಯಾರೂ ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ, ಎಲ್ಲವೂ ಬಯಲಿನಲ್ಲೇ ಇತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಅಂಬರ ಚರಕ ಬಂದಾಗ ಉತ್ಪತ್ತಿ ಹೆಚ್ಚಿತು, ಜೊತೆಗೆ ಕಬ್ಬಿಣದ ಹಲ್ಲುಚಕ್ರ, ರೋಲರುಗಳೂ ಬಂದವು. ಹಳ್ಳಿಯ ಬಡಿಗ ತಿದ್ದಬಲ್ಲ ಯಂತ್ರ ಈಗ ಬಿಡಿಭಾಗಕ್ಕೆ ಕಾರ್ಖಾನೆಯ ದಾರಿ ಕಾಯುವ ಯಂತ್ರವಾಯಿತು. ದುರಸ್ತಿ ಮನೆಯಿಂದ ಹೊರಗೆ ಹೋದದ್ದು ಲ್ಯಾಪ್‌ಟಾಪಿನ ಕಾಲದಲ್ಲಲ್ಲ, ಖಾದಿಯ ಒಳಗೇ ಅದು ಶುರುವಾಗಿತ್ತು.

ಲ್ಯಾಪ್‌ಟಾಪ್ ರಿಪೇರಿಯ ಕ್ರಮವೂ ಇದೇ. ಕರೆಂಟೇ ಬರುತ್ತಿಲ್ಲವೋ, ಕರೆಂಟ್ ಬಂದು ಪರದೆ ಮಾತ್ರ ಕಪ್ಪಾಗಿದೆಯೋ ಎಂದು ಮೊದಲು ಬೇರ್ಪಡಿಸಬೇಕು. ಇವೆರಡನ್ನು ಒಂದೇ ರೋಗವೆಂದುಕೊಂಡಲ್ಲೇ ಹಣ ಪೋಲಾಗುವುದು. ಅಡಾಪ್ಟರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 19 ವೋಲ್ಟಿನ ಆಸುಪಾಸು ತೋರಿಸಬೇಕು. ಅದು ಸರಿಯಿದ್ದರೆ ಪಿನ್ ಕೂರುವ ಜಾಕ್ ಸಡಿಲವಿದೆಯೇ ನೋಡಬೇಕು. ಆಮೇಲೆ ಅಡಾಪ್ಟರನ್ನೂ ಬ್ಯಾಟರಿಯನ್ನೂ ಬಿಡಿಸಿ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜು ಇಳಿದು, ಬರೀ ಅಡಾಪ್ಟರಿನಲ್ಲೇ ಎಷ್ಟೋ ಯಂತ್ರ ಎದ್ದು ಕೂರುವುದುಂಟು. ಫ್ಯಾನ್ ತಿರುಗಿ, ದೀಪ ಹತ್ತಿ, ಪರದೆ ಮಾತ್ರ ಬಾರದಿದ್ದರೆ ಹೊರಗಿನ ಮಾನಿಟರ್ ಜೋಡಿಸಿ ನೋಡುವುದು, ರ‍್ಯಾಮ್ ತೆಗೆದು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು. ಇದ್ಯಾವುದಕ್ಕೂ ಬಗ್ಗದಿದ್ದರೆ ಬೋರ್ಡಿನ ಮೇಲೆ 3.3 ಮತ್ತು 5 ವೋಲ್ಟಿನ ಸರಬರಾಜು ಹುಟ್ಟುತ್ತಿದೆಯೇ, ಎಲ್ಲಿ ಶಾರ್ಟ್ ಆಗಿದೆ ಎಂಬ ಹುಡುಕಾಟ. ನೂಲುವವಳ ಮತ್ತು ಈ ಮೆಕ್ಯಾನಿಕ್‌ನ ತರ್ಕದಲ್ಲಿ ಭೇದವಿಲ್ಲ. ಕೊನೆಯ ಹಂತದಲ್ಲಿ ಅವನ ಕೈ ಕಟ್ಟುವುದು ಬುದ್ಧಿಯ ಕೊರತೆಯಲ್ಲ. ಸರ್ಕ್ಯೂಟಿನ ನಕ್ಷೆ ಕಂಪನಿಯ ಬೀಗದೊಳಗಿದೆ.

ಮರದ ರಾಟಿಗೂ ಕೋಟ್ಯಂತರ ಟ್ರಾನ್ಸಿಸ್ಟರುಗಳ ಯಂತ್ರಕ್ಕೂ ಎಲ್ಲಿಯ ಹೋಲಿಕೆ ಎಂಬ ಆಕ್ಷೇಪ ಸಹಜ. ಆದರೆ ಜಟಿಲತೆಯೇ ಕಾರಣವಾಗಿದ್ದರೆ ಕಂಪ್ಯೂಟರು ಹುಟ್ಟಿನಿಂದಲೇ ಮುಚ್ಚಿಕೊಂಡಿರಬೇಕಿತ್ತು. ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಾಗ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಗಳನ್ನಷ್ಟೇ ಅಲ್ಲ, ಯಂತ್ರವನ್ನು ಎಬ್ಬಿಸುವ ಬಯೋಸ್ ತಂತ್ರಾಂಶದ ಸಾಲುಗಳನ್ನೂ ಅಚ್ಚು ಹಾಕಿತ್ತು. ಗುಂಡಿ ಒತ್ತಿದಾಗ ಆ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ತಪ್ಪಿದ್ದರೆ ಬೀಪ್ ಸದ್ದಿನಲ್ಲಿ ಹೇಳುತ್ತಿತ್ತು. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಶುರುವಾದ ಕಾಲದ ರೇಡಿಯೋಗಳಲ್ಲಿಯೂ, ಯಾವ ವಾಲ್ವ್ ಎಲ್ಲಿ ಎಂಬ ಚಿತ್ರ ಪೆಟ್ಟಿಗೆಯೊಳಗೇ ಅಂಟಿಸಿದ್ದು ಕಾಣಸಿಗುತ್ತಿತ್ತು. ಜಟಿಲವಾದದ್ದನ್ನು ತೆರೆದಿಡಲು ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ತೆಳ್ಳಗಿನ, ಹಗುರ ಯಂತ್ರ ಬೇಕೆಂದವರು ಗ್ರಾಹಕರೇ, ರ‍್ಯಾಮನ್ನು ಬೆಸೆಯದೆ ಬ್ಯಾಟರಿಯನ್ನು ಅಂಟಿಸದೆ ಅದು ಆಗದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆಪಲ್ ಕಂಪನಿಯ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ 2012ರಲ್ಲಿ ಇವೆರಡನ್ನೂ ಮಾಡಿತು, ಬೇರೆಯವರೂ ಆ ದಾರಿ ಹಿಡಿದರು. ಬೆಸೆದ ಭಾಗದಿಂದ ಸ್ವಲ್ಪ ಜಾಗ ಉಳಿಯುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಫ್ರೇಮ್‌ವರ್ಕ್ ಎಂಬ ಕಂಪನಿ 2021ರಲ್ಲಿ ತಂದ ತೆಳು ಲ್ಯಾಪ್‌ಟಾಪನ್ನು ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಬಹುದು. ರ‍್ಯಾಮ್, ಬ್ಯಾಟರಿ, ಕೀಬೋರ್ಡ್ ಎಲ್ಲವನ್ನೂ ಬಳಸುವವರೇ ಬದಲಿಸಬಹುದು. ಬೆಲೆ ಕೊಂಚ ಜಾಸ್ತಿ, ನಿಜ. 1929ರವರು ಬೆಲೆಗೂ ಮಿತಿ ಹಾಕಿದ್ದರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಅಲ್ಲೇ ನನ್ನ ವಾದದ ದುರ್ಬಲ ಜಾಗವೂ ಇದೆ. ಆ ಒಂದು ಲಕ್ಷ ರೂಪಾಯಿ ಯಾರಿಗೂ ಸಿಗಲಿಲ್ಲ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಕಿರ್ಲೋಸ್ಕರರ ಕಾರ್ಖಾನೆಯೂ ಒಂದು ಮಾದರಿ ತಯಾರಿಸಿತ್ತು, ಅದು ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಹಾಗಾದರೆ ಷರತ್ತೇ ಅವಾಸ್ತವವಾಗಿತ್ತೇ? ಎಲ್ಲ ಷರತ್ತನ್ನೂ ಒಂದೇ ಯಂತ್ರ ಪೂರೈಸುವುದು ಆ ಕಾಲದಲ್ಲಿ ಆಗಲಿಲ್ಲ ಎಂದಷ್ಟೇ ಇದರಿಂದ ತಿಳಿಯುತ್ತದೆ. ನೂಲು ಹೆಚ್ಚು ಬಂದರೆ ಸಾಕು, ದುರಸ್ತಿಯ ಮಾತು ಆಮೇಲೆ ಎಂದು ಯಾರಿಗಾದರೂ ಹಣ ಕೊಟ್ಟುಬಿಡಬಹುದಿತ್ತು, ಕೊಡಲಿಲ್ಲ. ಫ್ರಾನ್ಸ್ ದೇಶ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ದುರಸ್ತಿಯ ಸುಲಭತೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಗ್ರಾಹಕರಿಗೆ ತೋರಿಸಬೇಕೆಂದು ಕಡ್ಡಾಯ ಮಾಡಿತು. ಅದರಲ್ಲಿ ಬಿಡಿಭಾಗದ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ದುರಸ್ತಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ನೇಮಿಸಿತು. ಫ್ರಾನ್ಸಿನ ವ್ಯವಸ್ಥೆಯಲ್ಲಿ ಕಡಿಮೆ ಅಂಕದ ಯಂತ್ರವೂ ಅಂಗಡಿಯಲ್ಲಿ ಕೂರುತ್ತದೆ, ಕೊಳ್ಳುವವರ ವಿವೇಚನೆಗೆ ಬಿಟ್ಟದ್ದು. ಚರಕಾ ಸಂಘ ವರ್ಷಕ್ಕೆ ಶೇ. 5 ಎಂದು ಗೆರೆ ಎಳೆದು, ಗೆರೆ ದಾಟಿದ್ದಕ್ಕೆ ಬಹುಮಾನವಿಲ್ಲ ಎಂದಿತ್ತು.