ಸುವಾರ್ತೆಯ ಹಾಡು: ಅಕಾನ್ ನಾಡು ಮತ್ತು ಕನ್ನಡ ನಾಡು

ಬಾಸೆಲ್ ಮಿಷನ್ ಸಂಸ್ಥೆಯ ಸೇವಕರು 1828ರಲ್ಲಿ ಇಂದಿನ ಘಾನಾ ದೇಶದ ಕರಾವಳಿಯನ್ನೂ 1834ರಲ್ಲಿ ಮಂಗಳೂರನ್ನೂ ತಲುಪಿದರು. 1853ರಲ್ಲಿ ಕ್ರಿಸ್ಟಾಲರ್ ಅಕಾನ್ ಜನರ ನಡುವೆ, ಫರ್ಡಿನೆಂಡ್ ಕಿಟೆಲ್ ಕನ್ನಡಿಗರ ನಡುವೆ ಸೇವೆಗೆ ತೊಡಗಿದರು. ಮೊದಲಿನವರಿಂದ 1871ರಲ್ಲಿ ಟ್ವೀ ಭಾಷೆಯ ಸತ್ಯವೇದವೂ, ಎರಡನೆಯವರಿಂದ 1894ರಲ್ಲಿ ಕನ್ನಡ ನಿಘಂಟೂ ದೊರೆತವು. ಹೀಗೆ ಭಾಷೆಗೆ ಸಂದ ಗೌರವವು ನಾಡಿನ ರಾಗಕ್ಕೂ ಸಂದಿತೇ ಎಂಬುದು ಇಲ್ಲಿಯ ಪ್ರಶ್ನೆ.

ಎರಡೂ ಸಭೆಗಳಲ್ಲಿ ಜರ್ಮನ್ ಕೀರ್ತನೆಗಳ ಅನುವಾದವು ಅವುಗಳ ಮೂಲ ಧಾಟಿಯಲ್ಲಿಯೇ ನೆಲೆಗೊಂಡಿತು. ಟ್ವೀ ಭಾಷೆಯಲ್ಲಿ ಧ್ವನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಕನ್ನಡದಲ್ಲಿ ಪರಧಾಟಿಯು ಹ್ರಸ್ವವನ್ನು ಎಳೆದು ದೀರ್ಘವಾಗಿಸುತ್ತದೆ. ಹಾಡುವ ವಿಶ್ವಾಸಿಗೆ ತನ್ನ ಮಾತೇ ಅಪರಿಚಿತವಾಗಿ ಕೇಳಿಸುತ್ತದೆ.

ಅಕಾನ್ ನಾಡಿನಲ್ಲಿ ಇದಕ್ಕೆ ಉತ್ತರವಿತ್ತವರಲ್ಲಿ ಅಕ್ಷರವರಿಯದ ಸ್ತ್ರೀಯರು ಮುಖ್ಯರು. ಫಾಂಟೆ ಮೆಥೋಡಿಸ್ಟ್ ಸಭೆಗಳಲ್ಲಿ ಅವರು ಪ್ರಸಂಗದ ನಡುವೆಯೇ ಆಶುವಾಗಿ ಕಟ್ಟಿ ಹಾಡುತ್ತಿದ್ದ ಪದಗಳಿಗೆ ‘ಎಬಿಬಿಂದ್ವೋಮ್’ ಎಂದು ಹೆಸರು. ಆದರೆ ಆಡಳಿತದ ಮನಸ್ಸು ಬೇಗನೆ ತೆರೆಯಲಿಲ್ಲ. ನಾಡಿನ ವಸ್ತ್ರ ಧರಿಸಿ ಪ್ರಸಂಗಿಸಿದ, ನಾಡಿನ ವಾದ್ಯಗಳನ್ನು ತಂದ ಎಫ್ರಾಯಿಮ್ ಆಮು ಅವರು 1933ರಲ್ಲಿ ಅಕ್ರೋಪಾಂಗ್ ಶಿಕ್ಷಕರ ಕಾಲೇಜಿನ ಹುದ್ದೆಯನ್ನು ಕಳೆದುಕೊಂಡರು. ಮುಂದೆ ಅದೇ ಆಮು ಘಾನಾದ ಸಂಗೀತಕ್ಕೆ ಹಿರಿಯರೆನಿಸಿದರು. 1980ರ ದಶಕದ ಕರ್ಫ್ಯೂ ಕಾಲದಲ್ಲಿ ರಾತ್ರಿಯ ಸಂಗೀತ ಕೂಟಗಳು ನಿಂತಾಗ, ಅನೇಕ ಕಲಾವಿದರಿಗೆ ಸಭೆಯೇ ಆಸರೆಯಾಯಿತು. ಡಾಟರ್ಸ್ ಆಫ್ ಗ್ಲೋರಿಯಸ್ ಜೀಸಸ್ ಎಂಬ ಮೂವರು ಸ್ತ್ರೀಯರ ತಂಡದಂಥ ಹಿರಿಯ ಗಾಯಕರ ಟ್ವೀ ಹಾಡುಗಳು ಇಂದು ಸಭೆಯ ಗೋಡೆಯನ್ನು ದಾಟಿ ಮನೆಗಳಲ್ಲಿ, ವಾಹನಗಳಲ್ಲಿ, ಶವಸಂಸ್ಕಾರಗಳಲ್ಲಿ ಕೇಳಿಬರುತ್ತವೆ.

ನಮ್ಮಲ್ಲಿಯೂ ದಾರಿ ತೆರೆದಿತ್ತು. 1862ರಲ್ಲಿಯೇ ಕಿಟೆಲ್ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಕಾವ್ಯದ ಛಂದಸ್ಸಿಗೆ ತಂದಿದ್ದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಆದರೂ ಪಂಡಿತರ ಛಂದಸ್ಸು ಒಂದು, ಜನರ ಕಂಠ ಇನ್ನೊಂದು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾದ ಕಡೆಗೆ, ಅಥವಾ ಬಬಲೇಶ್ವರದ ಕಡೆಗೆ ಸಾಗಿದರೆ ಅದು ತತ್ವಪದ, ಭಜನೆ, ಡೊಳ್ಳಿನ ಪದ, ಮೊಹರಂ ಪದಗಳ ಸೀಮೆ. ಸುವಾರ್ತೆಯು ಇಲ್ಲಿಯ ಕಿವಿಗೆ ಯಾವ ಧಾಟಿಯಲ್ಲಿ ಮುಟ್ಟಬೇಕೆಂಬುದನ್ನು ಈ ಸೀಮೆಯ ಹಾಡುಗಾರರೇ ಬಲ್ಲರು.

ಆದುದರಿಂದ ಸಭಾಪಾಲಕರ ಹೊಣೆ ಎರಡು. ಸಂಗೀತ ಪುಸ್ತಕದಲ್ಲಿ ಸೇರದ, ವೃದ್ಧರ ನಾಲಗೆಯಲ್ಲಿ ಮಾತ್ರ ಉಳಿದಿರುವ ಪದಗಳನ್ನು ಬರೆದಿಟ್ಟು ಧ್ವನಿಮುದ್ರಿಸುವುದು ಮೊದಲನೆಯದು. ಅವನ್ನು ಭಾನುವಾರದ ಆರಾಧನೆಗೆ ಬರಮಾಡಿಕೊಳ್ಳುವುದು ಎರಡನೆಯದು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3:16 ಹಾಡನ್ನು ಬೋಧನೆಯೊಂದಿಗೆ ಸೇರಿಸಿಯೇ ಹೇಳುತ್ತದೆ. ಹಾಗಿರುವಾಗ ಹಾಡುವ ಅಜ್ಜಿಯೂ ಸಭೆಯ ಬೋಧಕಿಯೇ. ಆಕೆಯ ಕಂಠ ಅಡಗಿದ ದಿನ ಆ ಬೋಧನೆಯೂ ಅಡಗುತ್ತದೆ.